ಮೊದಲ ಮಗುವಿಗೆ ಥಲಸ್ಸೇಮಿಯಾ ಇದೆ. ಈ ಬಸಿರಿನಲ್ಲಿ ಯಾವ ಪರೀಕ್ಷೆ, ಯಾವಾಗ ಮಾಡಿಸಬೇಕು?

ಪ್ರಶ್ನೆ (ಗದಗದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ 5 ವರ್ಷದ ಮಗನಿಗೆ ಬೀಟಾ ಥಲಸ್ಸೇಮಿಯಾ ಮೇಜರ್ (ಮೈಯಲ್ಲಿ ರಕ್ತ ಸರಿಯಾಗಿ ಉತ್ಪತ್ತಿಯಾಗದ, ತಂದೆತಾಯಿಯಿಂದ ಬರುವ ರೋಗ) ಇದೆ. ಅವನು 9 ತಿಂಗಳ ಕೂಸಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತೇವೆ. ಮೈಯಲ್ಲಿ ಸೇರುವ ಕಬ್ಬಿಣದಂಶವನ್ನು ಇಳಿಸುವ ಗುಳಿಗೆಯೂ ದಿನಾಲು ನಡೆದಿದೆ. ಈಗ ನನಗೆ 9ನೆಯ ವಾರ. ನಾನು ಮದುವೆಯಾದದ್ದು ನನ್ನ ಸೋದರಮಾವನನ್ನೇ, ಹೀಗಾಗಿ ನಮ್ಮ ಅಜ್ಜಿಯೇ ನನಗೆ ಅತ್ತೆ. ‘ಒಂದಕ್ಕೆ ಬಂತು, ಇನ್ನೊಂದಕ್ಕೆ ಬರೂದಿಲ್ಲ, ಹೊಟ್ಟೆಗೆ ಸೂಜಿ ಚುಚ್ಚಿಸಬ್ಯಾಡ್ರಿ’ ಎಂದು ಅವರು ಕಣ್ಣೀರು ಹಾಕುತ್ತಾರೆ. ಪರಿಚಯದವರೊಬ್ಬರು ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಸಾಕು ಎನ್ನುತ್ತಾರೆ. ಅದರಲ್ಲಿ ಈ ರೋಗ ತಿಳಿಯುತ್ತದೆಯೇ? ಸೂಜಿಯ ಪರೀಕ್ಷೆಯಿಂದ ಕೂಸಿಗೆ ಅಪಾಯವಿದೆಯೇ?

ಉತ್ತರ (ಹುಬ್ಬಳ್ಳಿಯ ತಾಯಿಯೊಬ್ಬರಿಂದ)

ತಂಗೀ, ನಿಮ್ಮ ದಾರಿಯಲ್ಲೇ ನಾನೂ ನಡೆದು ಬಂದಿದ್ದೇನೆ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. 12ನೆಯ ವಾರಕ್ಕೆ ನೇರವಾಗಿ ಹೊಟ್ಟೆಯ ಪರೀಕ್ಷೆಗೆ ಹೋದಾಗ, ಗಂಡ ಹೆಂಡತಿ ಇಬ್ಬರ ಜೀನಿನಲ್ಲಿಯೂ ದೋಷ ಯಾವ ಜಾಗದಲ್ಲಿದೆ ಎಂಬುದು ಮೊದಲು ಗೊತ್ತಾಗಬೇಕು, ಅದಿಲ್ಲದೆ ಕೂಸಿನಲ್ಲಿ ಏನನ್ನು ಹುಡುಕುವುದು ಎಂದು ಕೇಳಿದರು. ಹಿರಿಯ ಮಗಳಿಗೆ ವರ್ಷಗಟ್ಟಲೆ ರಕ್ತ ಹಾಕಿಸಿದ್ದರೂ ಆ ಪರೀಕ್ಷೆಯ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ರಕ್ತದ ವರದಿ ಬರುವಷ್ಟರಲ್ಲಿ ಹೊಟ್ಟೆಯ ಆ ಪರೀಕ್ಷೆ ಮಾಡುವ ವಾರಗಳು ದಾಟಿಹೋಗಿ, ಕೊನೆಗೆ 17ನೆಯ ವಾರದಲ್ಲಿ ಗರ್ಭದ ನೀರು ತೆಗೆಸಬೇಕಾಯಿತು. ಅಷ್ಟೊತ್ತಿಗೆ ಕೂಸಿನ ಮಿಸುಕಾಟ ತಿಳಿಯತೊಡಗಿತ್ತು. ವರದಿಗಾಗಿ ಕಾದ ಆ ದಿನಗಳನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ನಿಮಗಿನ್ನೂ ಸಮಯವಿದೆ, ಇಬ್ಬರೂ ಇದೇ ವಾರ ರಕ್ತ ಕೊಡಿರಿ.

ಉತ್ತರ (ಧಾರವಾಡದ ಮಕ್ಕಳ ವೈದ್ಯರಿಂದ)

ಮೇಲಿನ ಅಕ್ಕನವರು ಹೇಳಿದ್ದು ಸರಿಯಾಗಿದೆ. ಡಬಲ್ ಮಾರ್ಕರ್ ಆಗಲಿ, ತಾಯಿಯ ರಕ್ತದಿಂದಲೇ ಮಾಡುವ ಎನ್‌ಐಪಿಟಿ ಆಗಲಿ ಮುಖ್ಯವಾಗಿ ಡೌನ್ ಸಿಂಡ್ರೋಮ್‌ನಂತಹ ವರ್ಣತಂತುಗಳ ಏರುಪೇರಿನ ಸಂಭವವನ್ನು ಅಳೆಯುತ್ತವೆ. ಅವು ‘ನಾರ್ಮಲ್’ ಎಂದು ಬಂದರೂ ಥಲಸ್ಸೇಮಿಯಾ ಇಲ್ಲವೆಂದು ಅರ್ಥವಲ್ಲ. ನೀವಿಬ್ಬರೂ ವಾಹಕರಾಗಿರುವುದರಿಂದ (ಅಂದರೆ ರೋಗವಿಲ್ಲದಿದ್ದರೂ ದೋಷದ ಜೀನನ್ನು ಹೊತ್ತಿರುವುದರಿಂದ) ಪ್ರತಿಯೊಂದು ಬಸಿರಿನಲ್ಲಿಯೂ ಕೂಸಿಗೆ ರೋಗ ಬರುವ ಸಂಭವ ಶೇಕಡಾ 25, ನಿಮ್ಮಂತೆ ಆರೋಗ್ಯವಂತ ವಾಹಕವಾಗುವ ಸಂಭವ ಶೇಕಡಾ 50, ದೋಷವೇ ಇಲ್ಲದಿರುವ ಸಂಭವ ಶೇಕಡಾ 25. ಹಿಂದಿನ ಮಗುವಿಗೆ ಬಂದದ್ದರಿಂದ ಈ ಲೆಕ್ಕ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಮಾಸಿನ ಚೂರನ್ನು ತೆಗೆಯುವ ಸಿವಿಎಸ್ ಪರೀಕ್ಷೆಯನ್ನು 11ರಿಂದ 13ನೆಯ ವಾರದ ನಡುವೆ ಮಾಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ನೋಡುತ್ತಲೇ ಸೂಜಿ ಹಾಕುವುದರಿಂದ ಅದು ಕೂಸಿಗೆ ತಾಗದಂತೆ ನೋಡಿಕೊಳ್ಳುತ್ತಾರೆ. ನುರಿತ ಕೈಯಲ್ಲಿ ಗರ್ಭಪಾತದ ಅಪಾಯ ಶೇಕಡಾ 1ಕ್ಕಿಂತ ಕಡಿಮೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ತಿಳಿಸಿರಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಅನುವಂಶಿಕ ರೋಗಕ್ಕಾಗಿ ಈ ಪರೀಕ್ಷೆಯನ್ನು ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಒಪ್ಪುತ್ತದೆ, ಆದರೆ ಗಂಡೋ ಹೆಣ್ಣೋ ಎಂಬುದನ್ನು ಯಾರೂ ಹೇಳುವಂತಿಲ್ಲ. ವರದಿಯಲ್ಲಿ ರೋಗವಿದೆಯೆಂದು ಬಂದರೆ ಮುಂದಿನ ತೀರ್ಮಾನ ನಿಮ್ಮದು. 20 ವಾರದೊಳಗೆ ಗರ್ಭ ತೆಗೆಸಲು ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕೆಂದು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ.

ಅಜ್ಜಿಯವರಿಗೆ ಇದನ್ನೆಲ್ಲ ಸಮಾಧಾನದಿಂದ ಹೇಳಿರಿ. ಈ ಜೀನ್ ಅವರ ಕಡೆಯಿಂದಲೋ ಅಜ್ಜನ ಕಡೆಯಿಂದಲೋ ನಿಮ್ಮಿಬ್ಬರಿಗೂ ಇಳಿದು ಬಂದಿರುವ ಸಂಭವ ಹೆಚ್ಚು, ಅದು ಯಾರ ತಪ್ಪೂ ಅಲ್ಲ. ಆದರೆ ನಿಮ್ಮ ಮತ್ತು ನಿಮ್ಮ ಯಜಮಾನರ ಒಡಹುಟ್ಟಿದವರೆಲ್ಲರೂ ರಕ್ತದಲ್ಲಿನ ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಪ್ರಮಾಣವನ್ನು ನೋಡಿಸಿಕೊಳ್ಳಲೇಬೇಕು. ಅದು ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೆಂದೇ ತಿಳಿಯಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೈಮುಗಿಯುತ್ತೇನೆ. ಇದೇ ಸೋಮವಾರ ಮಗನಿಗೆ ರಕ್ತ ಹಾಕಿಸಲು ಬರುವಾಗ ನಾವಿಬ್ಬರೂ ರಕ್ತ ಕೊಡುತ್ತೇವೆ. ನನ್ನ ತಂಗಿಗೆ ಹಾವೇರಿಯಲ್ಲಿ ಸಂಬಂಧದೊಳಗೇ ಮದುವೆಯ ಮಾತುಕತೆ ನಡೆದಿದೆ. ಅವಳನ್ನೂ ಜೊತೆಯಲ್ಲಿ ಕರೆದುಕೊಂಡು ಬರುತ್ತೇನೆ.