ತಮ್ಮಾ, ಚಕ್ರ ದೊಡ್ಡದು ಮಾಡಿಸಬೇಡ

ತಮ್ಮಾ, ಬಳ್ಳಾರಿಯಿಂದ ಅಕ್ಕ ಮಾತನಾಡುತ್ತಿದ್ದೇನೆ. ಬೆರಳಿನಲ್ಲಿ ಒತ್ತುತ್ತ ಕುಳಿತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಪೂರ್ತಿ ಕೇಳು. ಅವ್ವಾ, ನೀನೂ ಕೇಳು.

ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಫೋಟೊಗಳನ್ನು ನೋಡಿದೆ. ಸಿಂಧನೂರಿನಿಂದ ಬರುವಾಗ ನಿನ್ನ ಸ್ಕೋಡಾ ಸ್ಲಾವಿಯಾ ಕಾರು ಕಾರಟಗಿಯ ಹತ್ತಿರ ಗುಂಡಿಗೆ ಇಳಿದು ಮುಂದಿನ ಎಡ ಟೈರಿನ ಪಕ್ಕೆ ಹರಿದಿದೆ, ರಿಮ್ಮಿನ ಅಂಚು ಬಾಗಿದೆ. ಅದರ ಕೆಳಗೆ ನಿನ್ನ ಪ್ರಶ್ನೆ: ಹೇಗೂ ಹೊಸ ಟೈರಿಗೆ ಖರ್ಚು ಬಂದಿದೆ, 17 ಇಂಚಿನ ಅಲಾಯ್ ಚಕ್ರ ಹಾಕಿಸಿ, ಸ್ಪ್ರಿಂಗ್ ತಗ್ಗಿಸಿ, ಶಕ್ತಿ ಹೆಚ್ಚಲೆಂದು ಎಂಜಿನ್ನಿನ ಕಂಪ್ಯೂಟರ್ ಪ್ರೋಗ್ರಾಂ ಬದಲಿಸುವ ರೀಮ್ಯಾಪ್ ಕೂಡ ಮಾಡಿಸಿಬಿಡಲೇ? ಅದರ ಕೆಳಗೆ ಅವ್ವನ ಒಂದೇ ಸಾಲು: ಆ ಕಾರು ಮಾರಿಬಿಡು.

ಮೊದಲು ಮೂರನೆಯ ಫೋಟೊದ ಮಾತು. ನೀನು ಸ್ಟೆಪ್ನಿ ಹಾಕುತ್ತಿದ್ದೀಯೆ, ಮಗುವನ್ನು ಎತ್ತಿಕೊಂಡು ನಿನ್ನ ಹೆಂಡತಿ ಕಾರಿನ ಹಿಂದೆ, ಡಾಂಬರಿನ ಮೇಲೆ ನಿಂತು ಮೊಬೈಲಿನ ಬೆಳಕು ಹಿಡಿದಿದ್ದಾಳೆ. ಅದನ್ನು ನೋಡಿ ನನ್ನ ಎದೆ ಝಲ್ಲೆಂದಿತು. ಅದು ಭತ್ತದ ಲಾರಿಗಳು ಓಡಾಡುವ ರಸ್ತೆ. ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ನಿಂತ ಕಾರೂ ಓಡುವ ಕಾರೂ ಒಂದೇ ರೀತಿ ಕಾಣುತ್ತವೆ, ಅವನು ಬ್ರೇಕ್ ಹಾಕುವುದು ಕೊನೆಯ ಗಳಿಗೆಯಲ್ಲಿ. ಇನ್ನು ಮುಂದೆ ಹೀಗಾದರೆ ರಿಮ್ಮು ಹಾಳಾದರೂ ಚಿಂತೆಯಿಲ್ಲ, ಅಗಲವಾದ ಜಾಗ ಸಿಗುವವರೆಗೆ ನಿಧಾನವಾಗಿ ಉರುಳಿಸಿಕೊಂಡು ಹೋಗು. ನಾಲ್ಕೂ ಕಡೆಯ ದೀಪ ಮಿನುಗಲಿ. ಕೆಂಪು ತ್ರಿಕೋನವನ್ನು ಐವತ್ತು ಮೀಟರಿನಷ್ಟು ಹಿಂದೆ ಇಟ್ಟು ಬಾ. ಮನೆಯವರು ರಸ್ತೆ ಬಿಟ್ಟು ಹೊಲದ ಬದುವಿನ ಕಡೆಗೆ ನಿಲ್ಲಲಿ. ಬೆಳಕು ಹಿಡಿಯಲು ಯಾರನ್ನೂ ನಿಲ್ಲಿಸಬೇಡ, ತಲೆಗೆ ಕಟ್ಟುವ ಟಾರ್ಚ್ ತಂದಿಡು. ಸಹಾಯಕ್ಕೆ ಕರೆ ಮಾಡಲು ರಾಷ್ಟ್ರೀಯ ಹೆದ್ದಾರಿಯಾದರೆ 1033, ಎಲ್ಲಿಯೇ ಆದರೂ 112. ಎರಡನ್ನೂ ನಿನ್ನ ಹೆಂಡತಿಯ ಮೊಬೈಲಿನಲ್ಲಿಯೂ ಇಂದೇ ಬರೆದಿಡು.

ಜಾಕು ವಾಲಿತು ಎಂದೂ ಬರೆದಿದ್ದೀಯೆ. ವಾಲದೆ ಇನ್ನೇನು, ಅದು ಎರೆಮಣ್ಣಿನ ಅಂಚು. ಒಣಗಿದಾಗ ಕಲ್ಲಿನಂತೆ ಕಂಡರೂ ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಡಿಕ್ಕಿಯಲ್ಲಿ ಒಂದು ಅಡಿ ಅಗಲದ ದಪ್ಪ ಹಲಗೆ ಇಟ್ಟುಕೋ, ಅದರ ಮೇಲೆ ಜಾಕು ನಿಲ್ಲಿಸು. ಬೋಲ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸು. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡು, ಜಾಕು ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿನ್ನ ಕೈಯ ಮೇಲಲ್ಲ. ನಿನ್ನ ಸ್ಲಾವಿಯಾದಲ್ಲಿ ನಟ್ಟಿಲ್ಲ, ಬೋಲ್ಟಿದೆ, ಚಕ್ರವನ್ನು ನೇತುಹಾಕಲು ಹೊರಚಾಚಿದ ಕಂಬಿ ಇಲ್ಲ. ಚಕ್ರವನ್ನು ಎತ್ತಿ ಹಿಡಿದೇ ತೂತಿಗೆ ತೂತು ಕೂಡಿಸಬೇಕು. ಕುಳಿತುಕೊಂಡು ಪಾದದ ಮೇಲೆ ಚಕ್ರ ಏರಿಸಿಕೊಂಡರೆ ಕೈಗೆ ಭಾರ ಕಡಿಮೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡು.

ಈಗ ಅಲಾಯಿನ ವಿಷಯ. ನಿನಗೆ ಈ ಕಾರಿನ ಮೇಲೆ ಎಷ್ಟು ಪ್ರೀತಿ ಎಂಬುದು ನನಗೆ ಗೊತ್ತು, ನನಗೂ ನನ್ನ ಟರ್ಬೊ ಕಾರಿನ ಮೇಲೆ ಅಷ್ಟೇ ಇದೆ. ಅದಕ್ಕಾಗಿಯೇ ಹೇಳುತ್ತೇನೆ, ಬೇಡ. ಲೆಕ್ಕ ಹಾಕು. ನಿನ್ನ ಟೈರು 205/55 ಆರ್ 16. ಅಂದರೆ ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 55, ರಿಮ್ಮು 16 ಇಂಚು. ಹಾಗಾಗಿ ರಿಮ್ಮಿಗೂ ರಸ್ತೆಗೂ ನಡುವೆ 113 ಮಿಲಿಮೀಟರ್ ರಬ್ಬರು. 17 ಇಂಚಿಗೆ ಹೋಗಿ 215/45 ಹಾಕಿಸಿದರೆ ಅದು 97ಕ್ಕೆ ಇಳಿಯುತ್ತದೆ. 113 ಇದ್ದೂ ನಿನ್ನ ರಿಮ್ಮು ಬಾಗಿತು. 97 ಇದ್ದಿದ್ದರೆ ಬಹುಶಃ ರಿಮ್ಮು ಸೀಳಿಯೇ ಹೋಗುತ್ತಿತ್ತು. ನಮ್ಮ ರಸ್ತೆಗಳಲ್ಲಿ ಚಕ್ರವನ್ನು ಕಾಯುವುದು ಆ ಪಕ್ಕೆಯ ಎತ್ತರ, ಅದನ್ನು ದುಡ್ಡು ಕೊಟ್ಟು ಕಳೆದುಕೊಳ್ಳಬಾರದು.

ಸ್ಪ್ರಿಂಗ್ ತಗ್ಗಿಸುವುದೂ ಹಾಗೆಯೇ. ಖಾಲಿ ಕಾರಿಗೆ ನೆಲದಿಂದ 179 ಮಿಲಿಮೀಟರ್ ಎತ್ತರವಿದೆ. ಮೂವತ್ತು ತಗ್ಗಿಸಿದರೆ ಉಳಿಯುವುದು 149, ಐದು ಜನ ಕೂತರೆ ಅದಕ್ಕಿಂತಲೂ ಕಡಿಮೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಹಾಗಿದ್ದರೆ ಯಾವ ಕಾರೂ ಸಲೀಸಾಗಿ ದಾಟುತ್ತದೆ. ನಮ್ಮ ಊರುಗಳ ಮುಂದೆ ಇರುವುದು ಒಂದು ಹೆಜ್ಜೆ ಅಗಲದ ಗೋಡೆಗಳು, ಬಣ್ಣವಿಲ್ಲ, ಫಲಕವಿಲ್ಲ. ಸಿರುಗುಪ್ಪ ರಸ್ತೆಯಲ್ಲಿ ಅಂಥದ್ದೊಂದರ ಮೇಲೆ ನನ್ನ ಕಾರಿನ ಆಯಿಲ್ ಚೇಂಬರ್ ಒಡೆದದ್ದು ನಿನಗೆ ನೆನಪಿರಬೇಕು. ಎಂಜಿನ್ ಎಣ್ಣೆಯ ಒತ್ತಡ ಬಿದ್ದಿದೆ ಎಂದು ತೋರಿಸುವ ಕೆಂಪು ದೀಪ ಹತ್ತಿದ ಕೂಡಲೇ ಕಾರು ಪಕ್ಕಕ್ಕೆ ತಂದು ಎಂಜಿನ್ ಆರಿಸಿದ್ದರಿಂದ ಚೇಂಬರಿನ ಖರ್ಚಿನಲ್ಲಿ ಮುಗಿಯಿತು. ಊರು ತಲುಪಿಬಿಡೋಣ ಎಂದು ಓಡಿಸಿದ್ದರೆ ಇಡೀ ಎಂಜಿನ್ ಹೋಗುತ್ತಿತ್ತು. ಆ ದೀಪ ಹತ್ತಿದ ಮೇಲೆ ನೂರು ಮೀಟರ್ ಕೂಡ ಓಡಿಸಬೇಡ.

ರೀಮ್ಯಾಪ್ ಮಾಡುವವರು ಶಕ್ತಿ ಎಷ್ಟು ಹೆಚ್ಚುತ್ತದೆ ಎಂದು ಹೇಳಿರುತ್ತಾರೆ, ಗೇರ್ ಬಾಕ್ಸಿನ ಮಾತು ಆಡಿರಲಿಕ್ಕಿಲ್ಲ. ನಿನ್ನದು 1.5 ಲೀಟರಿನ ಟರ್ಬೊ ಎಂಜಿನ್ (ಟಿಎಸ್ಐ), ಶಕ್ತಿ 150 ಪಿಎಸ್, ತಿರುಗಿಸುವ ಬಲ (ಟಾರ್ಕ್) 250 ನ್ಯೂಟನ್ ಮೀಟರ್. ಅದರ ಹಿಂದಿರುವ, ಎರಡು ಕ್ಲಚ್ಚಿನಿಂದ ತಾನೇ ಗೇರ್ ಬದಲಿಸುವ ಏಳು ಗೇರಿನ ಡಿಎಸ್‌ಜಿಯನ್ನು ರೂಪಿಸಿರುವುದೇ 250 ನ್ಯೂಟನ್ ಮೀಟರಿನ ಮಿತಿಗೆ. ಎಂಜಿನ್ ಈಗಾಗಲೇ ಆ ಅಂಚಿನಲ್ಲಿ ನಿಂತಿದೆ. ಅದರೊಳಗಿನ ಎರಡು ಕ್ಲಚ್ಚುಗಳೂ ಒಣ ಕ್ಲಚ್ಚುಗಳು, ತಂಪು ಮಾಡಲು ಎಣ್ಣೆಯಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳು ಎಂಥವು ಎಂದು ನಿನಗೆ ಹೇಳಬೇಕೇ? ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ, ರೈಲ್ವೆ ಗೇಟಿನ ಮುಂದೆ ಇಂಚು ಇಂಚು ಸರಿಯುವಾಗ ಆ ಕ್ಲಚ್ಚು ಎಷ್ಟು ಬಿಸಿಯಾಗುತ್ತದೆ ಯೋಚಿಸು. ಮುಂದಿನ ಗಾಡಿ ಎರಡು ಗಾಡಿಯಷ್ಟು ಸರಿಯಲಿ, ಆಮೇಲೆ ಒಮ್ಮೆಲೇ ಹೋಗು, ಬ್ರೇಕ್ ಅರ್ಧ ಬಿಟ್ಟು ತೆವಳಿಸಬೇಡ. ಕಾರಿನ ರಚನೆ ಬದಲಿಸಿ ಎಲ್ಲಿಯೂ ತಿಳಿಸದೆ ಇದ್ದರೆ ನಾಳೆ ವಿಮೆಯವರು ಪರಿಹಾರ ನಿರಾಕರಿಸಬಹುದು, ಅದನ್ನೂ ಲೆಕ್ಕಕ್ಕೆ ಹಿಡಿ.

ಆ ದುಡ್ಡನ್ನು ಎಲ್ಲಿ ಹಾಕಬೇಕು? ಅದೇ ಅಳತೆಯ ಒಳ್ಳೆಯ ಟೈರುಗಳಿಗೆ, ಮುಂದಿನ ಎರಡನ್ನೂ ಒಟ್ಟಿಗೆ. ಅಂಗಡಿಯಲ್ಲಿ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದು: 1024 ಎಂದಿದ್ದರೆ 2024ರ ಹತ್ತನೆಯ ವಾರದ್ದು. ನಂತರ ಬ್ರೇಕ್ ಆಯಿಲ್. ನೀನು 2022ರಲ್ಲಿ ಕಾರು ತಂದೆ, ಅದನ್ನು ಬದಲಿಸಿದ ನೆನಪು ನಿನಗಿಲ್ಲ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅಂಜನಾದ್ರಿ ಕಡೆ ಜನ ತುಂಬಿಕೊಂಡು ಹೋಗಿ ಬರುವ ಕಾರು ಇದು, ಬ್ರೇಕಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಎಂಜಿನ್ನಿಗೆ ಗಾಳಿ ಎಳೆಯುವ ತೆರೆದ ಫಿಲ್ಟರ್ ಹಾಕಿಸುವ ಆಸೆಯನ್ನೂ ನೀನು ಹಿಂದೊಮ್ಮೆ ಹೇಳಿದ್ದೆ. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಲಾರಿಗಳ ಹಿಂದೆ ಹೋಗಿ ಬಂದ ದಿನ ಬಿಳಿ ಅಂಗಿಯ ಕಾಲರ್ ನೋಡು. ಆ ಕೆಂಪು ಧೂಳು, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದ ತಿರುಗುವ ಎಲೆಗಳಿಗೆ ಬಡಿಯಬಾರದು. ಕಂಪನಿಯ ಮುಚ್ಚಿದ ಡಬ್ಬಿಯೇ ಇರಲಿ, ಕಾಗದದ ಫಿಲ್ಟರನ್ನು ಬೇಗ ಬೇಗ ಬದಲಿಸು. ರೇಡಿಯೇಟರಿನ ಮುಂದೆ ಹತ್ತಿಯ ಎಳೆ, ಭತ್ತದ ಹೊಟ್ಟು ಕೂತಿರುತ್ತವೆ, ಎಂಜಿನ್ ತಣ್ಣಗಿರುವಾಗ ಮೆಲ್ಲಗೆ ನೀರು ಬಿಟ್ಟು ತೊಳೆ. ಕೂಲಂಟಿಗೆ ಬೋರಿನ ನೀರು ಹಾಕಬೇಡ, ಅಡುಗೆಮನೆಯ ಪಾತ್ರೆಗೆ ಕಟ್ಟುವ ಉಪ್ಪು ಅಲ್ಲಿಯೂ ಕಟ್ಟುತ್ತದೆ. ಬಿಸಿ ಇರುವಾಗ ಅದರ ಮುಚ್ಚಳವನ್ನು ಮುಟ್ಟಲೂಬೇಡ.

ಇನ್ನೊಂದು ಹೇಳಲೇಬೇಕು, ಸುಗ್ಗಿ ಬರುತ್ತಿದೆ. ನಾನು ಯಲಬುರ್ಗಾ ಕಡೆ ಮದುವೆಗೆ ಹೋದಾಗ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಗಾಡಿಗಳು ತುಳಿದು ಒಕ್ಕಣೆಯಾಗಲಿ ಎಂದು. ರೈತರ ಕಷ್ಟ ನನಗೆ ಅರ್ಥವಾಗುತ್ತದೆ, ಕಣ ಮಾಡಲು ಎಲ್ಲರಿಗೂ ಜಾಗವಿಲ್ಲ. ಆದರೆ ಹುರುಳಿ ಬಳ್ಳಿ ಹಗ್ಗವಿದ್ದಂತೆ. ಆಕ್ಸಲ್ಲಿಗೆ ಸುತ್ತಿ, ಕೆಳಗಿನ ಕಾದ ಸೈಲೆನ್ಸರ್ ಕೊಳವೆಗೆ ತಾಗಿ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಹೊಟ್ಟಿನ ಮೇಲೆ ನಿಲ್ಲಿಸಲಿಲ್ಲ, ಖಾಲಿ ಡಾಂಬರು ಸಿಗುವವರೆಗೆ ಹೋಗಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದೆ. ಅಡಿಯಲ್ಲಿ ಹೊಗೆ, ನಡುವೆ ಕೆಂಪು ಕಿಡಿ. ಸೀಟಿನ ಕೆಳಗಿದ್ದ ಒಂದು ಕಿಲೋ ಅಗ್ನಿಶಾಮಕವನ್ನು ಪೂರ್ತಿ ಖಾಲಿ ಮಾಡಿದೆ. ಹೊಲದಲ್ಲಿದ್ದ ಅಜ್ಜಿಯೊಬ್ಬರು ಕೊಡದ ನೀರು ತಂದು ಸುರಿದರು, ಅವರ ಮಗ ಕುಡಗೋಲಿನಿಂದ ಬಳ್ಳಿ ಕೊಯ್ದು ಎಳೆದು ತೆಗೆದ. ಆಕ್ಸಲ್ಲಿನ ಕೀಲು ಮುಚ್ಚುವ ರಬ್ಬರು, ಅಂದರೆ ಆಕ್ಸಲ್ ಬೂಟ್, ಹರಿದಿತ್ತು, ಅಷ್ಟೇ. ಆ ಅಜ್ಜಿ ನೀರು ಹಾಕುತ್ತ ನನಗಿಂತ ಹೆಚ್ಚು ನೊಂದುಕೊಂಡರು. ಎತ್ತರದ ಜೀಪು ದಾಟಿದ ಕಡೆ ತಗ್ಗಿನ ಸೆಡಾನ್ ದಾಟುವುದಿಲ್ಲ ಎಂಬುದು ಅಂದು ತಿಳಿಯಿತು. ಬೇರೆ ದಾರಿಯಿದ್ದರೆ ಸುತ್ತಿಕೊಂಡು ಹೋಗು. ಇಲ್ಲದಿದ್ದರೆ ದಾಟಿದ ಕೂಡಲೇ ಇಳಿದು ಬಗ್ಗಿ ನೋಡು. ಅಗ್ನಿಶಾಮಕವನ್ನು ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವ ಕಡೆ ಇಡು.

ಅವ್ವಾ, ಕಾರು ಮಾರಬೇಡಿ. ಗುಂಡಿಗೆ ಬಿದ್ದರೂ ಬಲೂನಿನಂತೆ ಚಿಮ್ಮದೆ ನೇರವಾಗಿ ನಿಂತಿತು ಎಂದು ಇವನೇ ಹೇಳಿದ್ದಾನೆ. ಅದು ಗಟ್ಟಿ ಕಾರು, ಇವನ ಕೈಯೂ ಗಟ್ಟಿ.

ತಮ್ಮಾ, ಭಾನುವಾರ ಬಳ್ಳಾರಿಗೆ ಬಾ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾ ನನ್ನ ಹತ್ತಿರವಿದೆ, ಐದೂ ಬೋಲ್ಟುಗಳನ್ನು 120 ನ್ಯೂಟನ್ ಮೀಟರಿಗೆ ಸರಿಯಾಗಿ ಬಿಗಿಯೋಣ, ಬ್ರೇಕ್ ಪ್ಯಾಡಿನ ದಪ್ಪವನ್ನೂ ನೋಡೋಣ. ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸು. ದಾರಿಯಲ್ಲಿ ಕಾದ ಮೇಲೆ ಒತ್ತಡ ಏರಿದೆ ಎಂದು ಗಾಳಿ ಬಿಡಬೇಡ. ಆರು ಗಂಟೆಗೆ ಕೊಪ್ಪಳ ಬಿಟ್ಟರೆ ಬಿಸಿಲು ಏರುವ ಮೊದಲೇ ಕುಡತಿನಿ ದಾಟುತ್ತೀಯೆ. ಅವ್ವನನ್ನೂ ಕರೆದುಕೊಂಡು ಬಾ, ಮುಂದಿನ ಸೀಟಿನಲ್ಲಿ ಕೂರಿಸು.