'ಕನ್‌ಫೌಂಡ್': ಎಲ್ಲ ಕಡೆಯೂ 'ಗೊಂದಲಗೊಳಿಸು' ಎಂದರೆ ಸಾಕೇ?

ಪ್ರಶ್ನೆ: ಇಂಗ್ಲಿಷಿನ 'ಕನ್‌ಫೌಂಡ್' ಕ್ರಿಯಾಪದಕ್ಕೆ 'ಗೊಂದಲಗೊಳಿಸು' ಎಂದು ಬರೆದರೆ ಎಲ್ಲ ಕಡೆಯೂ ಹೊಂದುತ್ತದೆಯೇ? 'ಕನ್‌ಫ್ಯೂಸ್'ಗೂ ಇದಕ್ಕೂ ಏನು ವ್ಯತ್ಯಾಸ? ಪದದ ಮೂಲ ಯಾವುದು?

ಉತ್ತರ: ಹೊಂದುವುದಿಲ್ಲ. ಮೂಲವನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಲ್ಯಾಟಿನ್ನಿನ 'ಫುಂಡೆರೆ' ಎಂದರೆ ಸುರಿ, ಹೊಯ್ಯಿ. 'ಕನ್‌ಫುಂಡೆರೆ' ಎಂದರೆ ಒಟ್ಟಿಗೆ ಸುರಿದು ಬೆರೆಸು. ಅದು ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದು 'ಕನ್‌ಫೌಂಡ್' ಆಯಿತು. ಅದೇ ಧಾತುವಿನ ಕೃದಂತ 'ಕನ್‌ಫ್ಯೂಸುಸ್'ನಿಂದ ಮೊದಲು 'ಕನ್‌ಫ್ಯೂಸ್ಡ್' ಹುಟ್ಟಿತು. ಕರ್ತರಿಯಲ್ಲಿ 'ಕನ್‌ಫ್ಯೂಸ್' ಎಂದು ಬಳಸುವುದು ರೂಢಿಯಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಆ ಕೆಲಸವನ್ನೂ 'ಕನ್‌ಫೌಂಡ್' ಮಾಡುತ್ತಿತ್ತು. ರೀಫಂಡ್, ಟ್ರಾನ್ಸ್‌ಫ್ಯೂಷನ್, ಫೌಂಡ್ರಿ ಇವೆಲ್ಲ ಇದೇ ಬಳಗದವು. ಸಂಸ್ಥೆ ಕಟ್ಟು ಎಂಬರ್ಥದ 'ಫೌಂಡ್' ಮಾತ್ರ ಬೇರೆ; ಅದು ತಳ ಎಂಬರ್ಥದ 'ಫುಂಡುಸ್'ನಿಂದ ಬಂದದ್ದು.

ಅನುವಾದಿಸುವಾಗ ಮೊದಲು ಕರ್ಮಪದವನ್ನು ಹುಡುಕಿ. ಅರ್ಥ ಅರ್ಧಕ್ಕರ್ಧ ಅಲ್ಲೇ ತೀರ್ಮಾನವಾಗುತ್ತದೆ. ಕರ್ಮ ಒಬ್ಬ ವ್ಯಕ್ತಿಯಾಗಿದ್ದರೆ ಸಾಮಾನ್ಯವಾಗಿ 'ತಬ್ಬಿಬ್ಬುಗೊಳಿಸು', 'ದಿಕ್ಕು ತೋಚದಂತೆ ಮಾಡು'. ಕರ್ಮ ನಿರೀಕ್ಷೆಯೋ ಭವಿಷ್ಯವಾಣಿಯೋ ಆಗಿದ್ದರೆ 'ಸುಳ್ಳಾಗಿಸು'. ವಿಮರ್ಶಕರನ್ನು ಕನ್‌ಫೌಂಡ್ ಮಾಡಿದ ಆಟಗಾರ ಅವರನ್ನು ಗೊಂದಲಕ್ಕೆ ಕೆಡವಿಲ್ಲ, ಅವರ ಮಾತನ್ನು ಸುಳ್ಳು ಮಾಡಿದ್ದಾನೆ. ಪತ್ರಿಕಾ ಅನುವಾದಗಳು ಎಡವುವುದು ಇಲ್ಲೇ. ಎರಡು ವಸ್ತುಗಳ ನಡುವೆ 'ವಿತ್' ಬಂದಿದ್ದರೆ ಒಂದನ್ನು ಇನ್ನೊಂದೆಂದು ತಿಳಿಯುವುದು, ಎರಡನ್ನೂ ಕಲಸಿಬಿಡುವುದು.

ಹಳೆಯ ಪಠ್ಯಗಳಲ್ಲಿ ಇನ್ನೂ ಎಚ್ಚರ ಬೇಕು. 1611ರ ಕಿಂಗ್ ಜೇಮ್ಸ್ ಬೈಬಲಿನ ಬಾಬೆಲ್ ಗೋಪುರದ ಕಥೆಯಲ್ಲಿ ದೇವರು ಜನರ ಭಾಷೆಯನ್ನು ಕನ್‌ಫೌಂಡ್ ಮಾಡುತ್ತಾನೆ. ಅಲ್ಲಿ 'ತಾರುಮಾರು ಮಾಡು' ಚೆನ್ನಾಗಿ ಕೂರುತ್ತದೆ. ಮೂಲ ಹೀಬ್ರೂವಿನ 'ಬಲಲ್'ಗೂ ಬೆರೆಸು ಎಂದೇ ಅರ್ಥ. ಅದೇ ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇವರು ಜ್ಞಾನಿಗಳನ್ನು ಕನ್‌ಫೌಂಡ್ ಮಾಡಿದ ಎಂದರೆ ನಾಚುವಂತೆ ಮಾಡಿದ ಎಂದು. ಬ್ರಿಟನ್ನಿನ ರಾಷ್ಟ್ರಗೀತೆಯ ಎರಡನೆಯ ಚರಣದಲ್ಲಿ ಶತ್ರುಗಳ ರಾಜಕೀಯಕ್ಕೆ ಈ ಕ್ರಿಯಾಪದ ಅಂಟಿಕೊಂಡಿದೆ. ಅಲ್ಲಿ 'ಹಾಳುಗೆಡವು', 'ಭಂಗಪಡಿಸು'. ಬೈಗುಳದ 'ಕನ್‌ಫೌಂಡೆಡ್' ನಮ್ಮ 'ಹಾಳಾದ'.

ಹೆಚ್ಚು ಹಾನಿಯಾಗುತ್ತಿರುವುದು ಸಂಖ್ಯಾಶಾಸ್ತ್ರದ ಅನುವಾದದಲ್ಲಿ. 'ಕನ್‌ಫೌಂಡಿಂಗ್ ವೇರಿಯಬಲ್'ಗೆ 'ಗೊಂದಲಕಾರಿ ಚರ' ಎಂದು ಬರೆದರೆ ಸಂಶೋಧಕನಿಗೇ ಗಲಿಬಿಲಿಯಾಗಿದೆ ಎಂಬ ಭಾವನೆ ಬರುತ್ತದೆ. ಅಲ್ಲಿ ನಡೆಯುವುದು ಲ್ಯಾಟಿನ್ನಿನ ಮೂಲಾರ್ಥವೇ: ಎರಡು ಪರಿಣಾಮಗಳು ಬೇರ್ಪಡಿಸಲಾಗದಂತೆ ಬೆರೆತುಹೋಗುವುದು. ಕಾಫಿ ಹೆಚ್ಚು ಕುಡಿಯುವವರಲ್ಲಿ ಧೂಮಪಾನಿಗಳೂ ಹೆಚ್ಚಿದ್ದರೆ, ಧೂಮಪಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾಫಿಯೇ ಕಾರಣವೆಂಬಂತೆ ತೋರುತ್ತದೆ.

ಉದ್ದೇಶಪೂರ್ವಕವಾಗಿಯೂ ಹೀಗೆ ಬೆರೆಸುತ್ತಾರೆ ಎಂಬುದನ್ನು ಗಮನಿಸಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರ ತಮ್ಮ 'ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್' ಗ್ರಂಥದಲ್ಲಿ ವಿವರಿಸಿದ ವಿಧಾನವಿದು. ಹೊಲದಲ್ಲಿ ಗೊಬ್ಬರಗಳನ್ನು ಪರೀಕ್ಷಿಸುವ ಪ್ರಯೋಗವನ್ನು ನೋಡಿ: ಸಾರಜನಕ, ರಂಜಕ, ಪೊಟ್ಯಾಷ್ ಮೂರರಲ್ಲಿ ಒಂದೊಂದನ್ನೂ ಹಾಕುವುದು ಅಥವಾ ಬಿಡುವುದು ಎಂದರೆ 8 ಸಂಯೋಜನೆಗಳು. ಒಂದು ಬ್ಲಾಕಿನಲ್ಲಿ, ಅಂದರೆ ಒಂದೇ ಬಗೆಯ ನೆಲದ ತುಂಡಿನಲ್ಲಿ, 4 ತಾಕು ಮಾತ್ರ ಹಿಡಿದರೆ ಎರಡು ಬ್ಲಾಕು ಬೇಕು. ಆಗ ಮೂರೂ ಗೊಬ್ಬರಗಳ ಜಂಟಿ ಪರಿಣಾಮ ಬ್ಲಾಕುಗಳ ನಡುವಿನ ವ್ಯತ್ಯಾಸದೊಂದಿಗೆ ಬೆರೆತುಹೋಗುವಂತೆ ಹಂಚುತ್ತಾರೆ. ಅಷ್ಟು ಮುಖ್ಯವಲ್ಲದ ಆ ಒಂದು ಮಾಹಿತಿಯನ್ನು ಬಿಟ್ಟುಕೊಟ್ಟು ಉಳಿದದ್ದನ್ನು ನಿಖರವಾಗಿ ಪಡೆಯುತ್ತಾರೆ. ಇದನ್ನು 'ಗೊಂದಲ' ಎಂದರೆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಾಗಾಗಿ ಇಲ್ಲಿ 'ಬೆರಕೆ ಅಂಶ' ಎಂಬುದೇ ನನಗೆ ಸರಿ ಕಾಣುತ್ತದೆ. ಮೊದಲ ಬಾರಿ ಬಳಸುವಾಗ ಪಕ್ಕದಲ್ಲಿ 'ಕನ್‌ಫೌಂಡರ್' ಎಂದೂ ಬರೆದರೆ ಓದುಗರಿಗೆ ಅನುಕೂಲ. ಆದರೆ ಸಂಬಂಧವಿರುವ ಎಲ್ಲ ಅಂಶಗಳಿಗೂ ಈ ಹೆಸರು ಹಚ್ಚಬಾರದು. ಬೆರಕೆ ಅಂಶಕ್ಕೆ ಪರೀಕ್ಷಿಸುತ್ತಿರುವ ಕಾರಣದ ಜೊತೆ ನಂಟಿರಬೇಕು, ಫಲಿತಾಂಶದ ಮೇಲೆ ತನ್ನದೇ ಪ್ರಭಾವವಿರಬೇಕು, ಎರಡರ ನಡುವಿನ ಕೊಂಡಿ ಅದಾಗಿರಬಾರದು. ಉಪ್ಪು ರಕ್ತದೊತ್ತಡವನ್ನು ಏರಿಸಿ, ಆ ಒತ್ತಡದಿಂದ ಪಾರ್ಶ್ವವಾಯು ಬಂದರೆ ರಕ್ತದೊತ್ತಡ ಕೊಂಡಿ; ಅದನ್ನು ಬೆರಕೆ ಅಂಶ ಎಂದು ಬರೆಯುವುದು ತಪ್ಪು.