ಅಪ್‌ಡೇಟ್: ಮಾಂಟಿಪೊರಾ ಟಿಶ್ಯೂ ಕಳಚಲು ಕಾರಣ ಸಿಕ್ಕಿತು

ನನ್ನ ರೀಫ್ ಟ್ಯಾಂಕ್‌ನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮಾಂಟಿಪೊರಾ ಹವಳದ ಟಿಶ್ಯೂ (ಅಸ್ಥಿಯ ಮೇಲಿನ ಜೀವಂತ ಪದರ) ಅಂಚಿನಿಂದ ಕಳಚಿ, ಬಿಳಿ ಅಸ್ಥಿ ಕಾಣುತ್ತಿದೆ ಅಂತ ಕೇಳಿದ್ದೆ ಅಲ್ವಾ? ಉತ್ತರ ಸಿಕ್ಕಿದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬೆಳಕು ಕಡಿಮೆ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಆಲ್ಕಲಿನಿಟಿ (ನೀರಿಗೆ ಆಮ್ಲ ತಡೆಯುವ ಶಕ್ತಿ, ಅಳೆಯುವುದು ಡಿಕೆಎಚ್‌ನಲ್ಲಿ) 8 ಡಿಕೆಎಚ್ ಆಸುಪಾಸಿನಲ್ಲೇ ಇತ್ತು, ಏರಿಳಿತ ಇರಲಿಲ್ಲ. ಬ್ಲೀಚಿಂಗ್ ಕೂಡ ಅಲ್ಲ. ಬ್ಲೀಚ್ ಆದರೆ ಬಣ್ಣ ಹೋಗುತ್ತದೆ, ಆದರೆ ತೆಳುವಾದ ಟಿಶ್ಯೂ ಮೇಲೆ ಉಳಿದಿರುತ್ತದೆ. ಇಲ್ಲಿ ಅಸ್ಥಿ ಪೂರ್ತಿ ಬೋಳಾಗಿತ್ತು.

ಕೆಲಸ ಮಾಡಿದ್ದು "ರಾತ್ರಿ ಟಾರ್ಚ್ ಹಾಕಿ ಅಡಿಭಾಗ ನೋಡಿ" ಅಂದವರ ಮಾತು. ಹವಳ ತಿರುಗಿಸಿ ಭೂತಗನ್ನಡಿ ಹಿಡಿದರೆ, ಟಿಶ್ಯೂ ಮತ್ತು ಬೋಳು ಅಸ್ಥಿ ಸೇರುವ ಗೆರೆಯಲ್ಲೇ ಕೆಲವೇ ಮಿಲಿಮೀಟರ್ ಉದ್ದದ ಬಿಳಿ ಹುಳುಗಳು. ಬೆನ್ನ ಮೇಲೆಲ್ಲಾ ಪುಟ್ಟ ಕುಚ್ಚುಗಳು. ಮಾಂಟಿಪೊರಾ ತಿನ್ನುವ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು)! ಬಿಳಿ ಅಸ್ಥಿಯ ಮೇಲೆ ಬಿಳಿ ಹುಳು, ಹಗಲಲ್ಲಿ ಕಾಣುವುದೇ ಕಷ್ಟ. ಪಕ್ಕದ ಯೂಫಿಲಿಯಾಗೆ (ಇನ್ನೊಂದು ಬಗೆಯ ಹವಳ) ಏನೂ ಆಗದಿದ್ದದ್ದು ಯಾಕೆ ಅಂತಲೂ ಈಗ ಗೊತ್ತಾಯಿತು: ಈ ಹುಳು ಅದನ್ನು ತಿನ್ನುವುದಿಲ್ಲ.

ಹವಳಗಳಿಗೆಂದೇ ಮಾರುವ ಡಿಪ್‌ನಲ್ಲಿ (ಹುಳು ತೆಗೆಯುವ ದ್ರಾವಣ) ಅದ್ದಿ ಅಲುಗಾಡಿಸಿದಾಗ ಹುಳುಗಳು ಉದುರಿದವು. ನನಗೆ ಆಶ್ಚರ್ಯವಾದದ್ದು ಮೊಟ್ಟೆ ವಿಷಯ: ಡಿಪ್‌ಗೆ ಅವು ಸಾಯುವುದಿಲ್ಲ! ಅದಕ್ಕೇ ಮೊಟ್ಟೆಯಿದ್ದ ಸತ್ತ ಭಾಗ ಕತ್ತರಿಸಿ ಎಸೆದೆ, ಸಂದುಗಳನ್ನು ಬ್ರಷ್‌ನಿಂದ ಉಜ್ಜಿದೆ. ಹೊಸದಾಗಿ ಮರಿಯಾದವು ಮತ್ತೆ ಮೊಟ್ಟೆ ಇಡುವ ಮೊದಲೇ ಸಿಗಲಿ ಅಂತ ವಾರಕ್ಕೊಮ್ಮೆ ಡಿಪ್ ಮುಂದುವರಿಸಿದ್ದೇನೆ. ಟ್ಯಾಂಕ್‌ನಲ್ಲಿರುವ ಮಾಂಟಿಪೊರಾ ಎಲ್ಲಕ್ಕೂ ಮಾಡಬೇಕು, ಒಂದು ಬಿಟ್ಟರೂ ಹುಳು ಅಲ್ಲೇ ಉಳಿಯುತ್ತದೆ.

ಈಗ ಕಳಚುವುದು ನಿಂತಿದೆ, ಅಂಚಿನಲ್ಲಿ ಹೊಸ ಟಿಶ್ಯೂ ಬೋಳು ಅಸ್ಥಿಯ ಮೇಲೆ ಹಬ್ಬುತ್ತಿದೆ.